ಮೂವತ್ತು ಮಾರು ಹಿಮ

ಕೌಂಟರಿನ ಹುಡುಗಿ ಮೊದಲೇ ಹೇಳಿಬಿಟ್ಟಳು:
ಮೇಲಿನ ಇಳಿಜಾರು ಮುಚ್ಚಿದೆ, ಲಿಫ್ಟು ನಿಂತಿದೆ,
ಬೇಸಿಗೆಯ ರಿಪೇರಿ ಮುಗಿದದ್ದು ಮೊನ್ನೆಯಷ್ಟೆ.
ಯಂತ್ರ ರಾತ್ರಿಯಿಡೀ ಉಗುಳಿದರೂ
ಹಿಮ ಬಿದ್ದದ್ದು ಬುಡದ ಮೂವತ್ತು ಮಾರು.
ಹಣ ವಾಪಸು ಬೇಕೆ, ಮೇಡಂ?

ಮಿಸ್ರಿಯಾಳ ಮುಖ ನೋಡಿದೆ.
ಹೊರಗೆ ದುಬೈಯ ನವೆಂಬರು, ಮೂವತ್ತನಾಲ್ಕು ಡಿಗ್ರಿ,
ಇವಳು ಶಾರ್ಜಾದ ಮನೆಯಿಂದಲೇ
ಉಲ್ಲನ್ ಟೊಪ್ಪಿ ಹಾಕಿಕೊಂಡು ಬಂದವಳು,
ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ
ಬೆವರಿದರೂ ತೆಗೆಯದವಳು.
ಬೇಡ, ಅಂದೆ. ಇದ್ದಷ್ಟು ಕೊಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ಉಮ್ಮ.
ಉಮ್ಮಾ, ಇಲ್ಲಿ ಹಾಸಿಗೆಯೇ ಗಿಡ್ಡ,
ಕಾಲಿಗೆ ಕಟ್ಟಿದ ಹಲಗೆ ನನಗಿಂತ ಒಂದು ಗೇಣಷ್ಟೇ ಕಮ್ಮಿ.
ಹಿಮ ಅಂದರೆ ಏನೋ ಅಂದುಕೊಂಡಿದ್ದೆ.
ಫ್ರೀಜರಿನ ಗೋಡೆ ಚಮಚದಲ್ಲಿ ಕೆರೆದರೆ
ಉದುರುತ್ತದಲ್ಲ, ಅದೇ.
ಅದು ಮುಗಿಯುವಲ್ಲಿ ಬೂದು ಬಣ್ಣದ ಚಾಪೆ,
ಚಾಪೆ ಹರಿದಲ್ಲಿ ಕೊಳವೆಗಳು,
ಆಪರೇಷನ್ನಿಗೆ ತೆರೆದಿಟ್ಟ ಹೊಟ್ಟೆಯ ಹಾಗೆ.

ಕಲಿಸಲು ಬಂದ ಹುಡುಗ ಬಿಂದೇಶ್ವರ,
ಜನಕಪುರದವನು, ಇಪ್ಪತ್ತೊಂದು ವರ್ಷ.
ನೇಪಾಳ ಅಂದಮೇಲೆ ಹುಟ್ಟಿದ್ದೇ ಹಿಮದಲ್ಲಿ ಅಂದುಕೊಂಡರೆ
ನಮ್ಮ ಕಡೆ ಬರೀ ಗದ್ದೆ, ಮೇಡಂ,
ಹಿಮ ಮೊದಲು ಮುಟ್ಟಿದ್ದು ಈ ಮಾಲಿನಲ್ಲೇ, ಅಂದ.
ಮೂವರೂ ನಕ್ಕೆವು.
ನಕ್ಕದ್ದಕ್ಕೇ ನಾನು ಬಿದ್ದೆ.

ಹೇಳಬೇಕು: ನನ್ನ ಕಸುಬು ಡ್ರೈವಿಂಗ್ ಕಲಿಸುವುದು.
ಹನ್ನೊಂದು ವರ್ಷದಿಂದ ಪಕ್ಕದ ಸೀಟು,
ನನ್ನ ಕಾಲಡಿಗೂ ಒಂದು ಬ್ರೇಕು.
ಎಷ್ಟು ಹೆಂಗಸರಿಗೆ ಹೇಳಿದ್ದೇನೆ,
ಭುಜ ಸಡಿಲ ಬಿಡು, ಮೂತಿಯ ಕೆಳಗೆ ನೋಡಬೇಡ,
ದೂರ ನೋಡು, ನೋಡಿದಲ್ಲಿಗೇ ಹೋಗುತ್ತದೆ ಗಾಡಿ.
ಬಿಂದೇಶ್ವರ ಮಂಡಿ ಬಗ್ಗಿಸಿ ನಿಂತು
ಹಿಂದಿಯಲ್ಲಿ ಅದನ್ನೇ ಹೇಳಿದ.
ಭುಜ. ದೂರ. ನೋಡಿದಲ್ಲಿಗೇ.
ನಾನು ನೋಡಿದ್ದು ಚಾಪೆಯನ್ನು,
ಹೋದದ್ದು ಚಾಪೆಗೇ.

ಹಲಗೆಗಳ ತುದಿ ಸೇರಿಸಿ, ಹಿಂದೆ ಅಗಲಿಸಿ,
ಪಿಜ್ಜಾ ತುಂಡಿನ ಹಾಗೆ, ಅದೇ ಬ್ರೇಕು, ಅಂದ.
ನನ್ನ ಬಲಗಾಲು ಕೇಳಲಿಲ್ಲ.
ಇಲ್ಲದ ಪೆಡಲು ಹುಡುಕಿ
ಒತ್ತಿತು, ಒತ್ತಿತು,
ಮತ್ತೆ ಅಂಗಾತ.
ಮೇಲೆ ಛಾವಣಿಯಲ್ಲಿ ಸಾಲು ಸಾಲು ಟ್ಯೂಬ್‌ಲೈಟು,
ಯಂತ್ರದ ಬಾಯಿಂದ ತೇಲಿ ಬಂದ ನಾಲ್ಕು ಕಣ
ರೆಪ್ಪೆಯ ಮೇಲೆ ಕೂತು ನೀರಾದವು.

ಆಗ ನೆನಪಾದದ್ದು ಹುದಾ.
ಸುಡಾನಿನವಳು. ಏಳನೇ ಸಲ ಫೇಲಾಗಿ
ನನ್ನ ಗಾಡಿಯಲ್ಲೇ ಕೂತು ಅತ್ತವಳಿಗೆ
ವಾಚು ನೋಡುತ್ತ ಹೇಳಿದ್ದೆ,
ಬ್ರೇಕು ಒತ್ತುವುದು ಅಷ್ಟು ಕಷ್ಟವೇನಮ್ಮ?

ಎದ್ದೆ. ಏಳುವುದಕ್ಕೇ ಮೂರು ನಿಮಿಷ.
ಕೈಗವಸಿನ ಒಳಗೂ ಹಿಮ, ಕಾಲುಚೀಲ ಒದ್ದೆ.
ಆರು ವರ್ಷದ ಎಮಿರಾತಿ ಹುಡುಗನೊಬ್ಬ
ನಮ್ಮಿಬ್ಬರ ನಡುವಿನಿಂದ ಸುಯ್ಯೆಂದು ಹೋಗಿ
ತಿರುಗಿ ನೋಡಿ ಸಲಾಂ ಹೇಳಿದ.
ಮಿಸ್ರಿಯಾ ಕೂತೇ ಜಾರಿದಳು,
ಅದನ್ನೂ ಒಂದು ವಿದ್ಯೆಯೆಂಬಂತೆ.

ಮೇಲಿನ ಬೋಳು ಇಳಿಜಾರನ್ನು
ಮಧ್ಯಾಹ್ನದ ಮೇಲೆ ಯಾರೂ ತಲೆಯೆತ್ತಿ ನೋಡಲಿಲ್ಲ.
ಅದು ಬಲ್ಲವರ ಚಿಂತೆ.
ಬಾರದವಳಿಗೆ ಬೇಕಾದದ್ದು
ತನ್ನ ಮೈಯಷ್ಟುದ್ದ ಹಿಮ,
ಜತೆಗೆ ಎಬ್ಬಿಸಲು ಒಂದು ಕೈ.
ಮುಚ್ಚುವ ಹೊತ್ತಿಗೆ ಒಂದು ಸಲ, ಒಂದೇ ಸಲ,
ಬೀಳದೆ ಬುಡ ಮುಟ್ಟಿದೆ.
ಎಂಟು ಸೆಕೆಂಡು ಇರಬಹುದು.
ಮಿಸ್ರಿಯಾ ವೀಡಿಯೋ ತೆಗೆದಿದ್ದಾಳೆ,
ಅದರಲ್ಲಿ ಬಂದದ್ದು ಅವಳ ಹೆಬ್ಬೆರಳು.

ಹೊರಗೆ ಸೆಖೆ ಕಂಬಳಿಯ ಹಾಗೆ ಬಂದು ಸುತ್ತಿಕೊಂಡಿತು.
ಪಾರ್ಕಿಂಗಿನಲ್ಲಿ ಗಾಡಿಗೆ ಒರಗಿ ಕಡಕ್ ಚಹಾ ಕುಡಿಯುತ್ತ
ಹುದಾಳಿಗೆ ಮೆಸೇಜು ಬರೆದೆ:
ಶನಿವಾರ ಬಾ, ಫೀಸು ಬೇಡ.
ಕಳಿಸಿದ ಮೇಲೆ ಸೊಂಟ ಹಿಡಿದುಕೊಂಡೆ.

ನಾಳೆಗೆ ಇನ್ನೂ ಐದು ಮಾರು ಬೀಳುತ್ತದಂತೆ,
ಅಂದಳು ಮಿಸ್ರಿಯಾ, ಟೊಪ್ಪಿ ಇನ್ನೂ ತಲೆಯ ಮೇಲೆ.
ಹಿಮವಾ, ನಾವಾ?
ಕೇಳಿದೆ.