ಇಪ್ಪತ್ತು ಡಾಲರಿನ ನೋಟು

ಭಾನುವಾರ ಹನ್ನೆರಡೂಕಾಲಿಗೆ ಚರ್ಚು ಬಿಡುತ್ತದೆ,
ಹಸಿದ ಭಕ್ತಿಗೆ ತಾಳ್ಮೆ ಕಡಿಮೆ.
ದಕ್ಷಿಣ ಮಿಸೌರಿಯ ಗುಡ್ಡದ ತಿರುವಿನಲ್ಲಿ
ಹದಿನಾಲ್ಕು ಮೇಜಿನ ಊಟದಂಗಡಿ,
ಬಡಿಸಲು ಟ್ವೈಲಾ ಒಬ್ಬಳೇ.
ಅವಳು ಪ್ರಾರ್ಥನೆಗೆ ಹೋಗಿ ವರ್ಷವಾಯಿತು.
ಎಲ್ಲರೂ ಹೋಗಿಬಂದು ಉಣ್ಣಬೇಕಾದರೆ
ಒಬ್ಬಳು ಹೋಗದೆ ಇರಬೇಕಲ್ಲ.

ರಸ್ತೆಯಾಚೆ ಚರ್ಚಿನ ಫಲಕ:
‘ದೇವರು ಕಟ್ಟಿದ ಮೊದಲ ಆಲಯ ಕುಟುಂಬ.’
ಮೂರು ಅಕ್ಷರ ಗಾಳಿಗೆ ಉದುರಿವೆ.
ಯಾರಿಗೂ ಗೊತ್ತಾಗಿಲ್ಲ,
ಬಾಯಿಪಾಠ ಇದ್ದುದನ್ನು ಯಾರು ಓದುತ್ತಾರೆ?

ಹೆತ್ತ ಹನ್ನೊಂದನೆಯ ದಿನ
ಅವಳು ಇದೇ ಫಲಕಕ್ಕೆ ಎದುರಾಗಿ ನಿಂತು
ಮೊಟ್ಟೆ, ಹಂದಿಮಾಂಸ, ಕಾಫಿ ಎಂದು ಬರೆದುಕೊಳ್ಳುತ್ತಿದ್ದಳು.
ಬಾಣಂತಿಗೆ ರಜೆಯಿದೆಯಂತೆ, ದೊಡ್ಡ ಕಂಪನಿಗಳಲ್ಲಿ.
ಅಂಗಿಯ ಎದೆ ಒದ್ದೆಯಾದಾಗ
ನೀರು ಚೆಲ್ಲಿಕೊಂಡೆ ಎಂದಳು.
‘ಮಗು ದೇವರ ವರ’ ಎಂದ ಒಬ್ಬ ಅಜ್ಜಿ
ಇನ್ನೊಂದು ಲೋಟ ಚಹಾ ಕೇಳಿದಳು, ಐಸು ಜಾಸ್ತಿ ಹಾಕಿ.

ಇವತ್ತು ಒಂಬತ್ತನೆಯ ಮೇಜಿಗೆ ಹತ್ತು ಜನ.
ಆರ್ವಲ್ ಸ್ಟಿಗಾಲ್, ಚರ್ಚಿನ ಹಿರಿಯ ಡೀಕನ್,
ಎಲ್ಲರ ಕೈಗೆ ಕೈ ಕೂಡಿಸಿ
ಇವಳ ಕೈಯನ್ನೂ ಹಿಡಿದ:
‘ನಿನಗಾಗಿ ಏನು ಬೇಡಲಮ್ಮ?’
ಮಗು ನೋಡಿಕೊಳ್ಳುವವಳಿಗೆ ವಾರಕ್ಕೆ ಇನ್ನೂರ ಹತ್ತು ಡಾಲರ್
ಎನ್ನಬಹುದಿತ್ತು.
‘ನನ್ನ ತಮ್ಮ ಕಾರ್ವಿನ್‌ಗಾಗಿ ಬೇಡಿ’ ಎಂದಳು.
ಕೈಗಳ ಸರಪಳಿ ಕಳಚಲಿಲ್ಲ, ತಣ್ಣಗಾಯಿತು.
ಗ್ರೇವಿಯ ಮೇಲೆ ಕೆನೆ ಕಟ್ಟಿತು.
‘ದಾರಿ ತಪ್ಪಿದವರೆಲ್ಲರಿಗೂ’ ಎಂದ ಆರ್ವಲ್, ಕಣ್ಣು ಮುಚ್ಚಿ.

ಕಾರ್ವಿನ್ ತಪ್ಪಿದ್ದು ದಾರಿಯನ್ನಲ್ಲ.
ಹದಿನೆಂಟರಲ್ಲಿ ಒಬ್ಬ ಹುಡುಗನನ್ನು ಮೆಚ್ಚಿದ.
ಮದುವೆ ಪವಿತ್ರವೆಂದು ನಂಬಿ
ಮೂರು ಸಲ ಮದುವೆಯಾದ ಅಪ್ಪ
ಅವನ ಹಾಸಿಗೆಯನ್ನು ಜಗುಲಿಗೆ ಎಸೆದ.
ಮನೆ ಒಡೆಯಬಾರದೆಂದು
ಮನೆಯಿಂದ ಒಬ್ಬನನ್ನು ಕಳೆದರು.
ಲೆಕ್ಕ ಸರಿಹೋಯಿತು.

ಹತ್ತು ಜನ ಎದ್ದುಹೋದ ಮೇಲೆ
ಕೆಚಪ್ ಸೀಸೆಯ ಕೆಳಗೆ ಮಡಿಸಿದ ಇಪ್ಪತ್ತರ ನೋಟು.
ಬಿಡಿಸಿದರೆ ಅರ್ಧವೇ ನೋಟು,
ಉಳಿದರ್ಧ ಉಪದೇಶ:
‘ಖರ್ಚಾಗದ ಸಂಪತ್ತು ಸ್ವರ್ಗದಲ್ಲಿದೆ.’
ಬಾಡಿಗೆ ಮಾತ್ರ ಇಲ್ಲೇ ಇದೆ, ಒಂದನೇ ತಾರೀಖಿಗೆ.

ಇಲ್ಲಿಗೇ ನಿಲ್ಲಿಸಿದ್ದರೆ ನನಗೂ ಸುಲಭವಿತ್ತು.
ಆದರೆ ಜನವರಿಯಲ್ಲಿ ಮಂಜುಗಡ್ಡೆ ಸುರಿದ ರಾತ್ರಿ
ಟ್ವೈಲಾಳ ಟ್ರೇಲರ್ ಮನೆಯ ಹೀಟರ್ ಸತ್ತಾಗ
ಎರಡು ಗಂಟೆಗೆ ಬಂದು, ಎಪ್ಪತ್ತೊಂದರ ಬೆನ್ನನ್ನು
ಹೆಪ್ಪುಗಟ್ಟಿದ ನೆಲಕ್ಕೆ ಕೊಟ್ಟು
ಬೆಳಗಾಗುವವರೆಗೆ ಅದರಡಿ ಮಲಗಿ ರಿಪೇರಿ ಮಾಡಿದವನು
ಇದೇ ಆರ್ವಲ್.
ದುಡ್ಡು ಕೊಡಹೋದರೆ ಬೈದ.
ಕಾರ್ವಿನ್ ಹೆಸರೆತ್ತದ ಅವನ ಹೆಂಡತಿ
ಮಗುವಿಗೆ ಉಣ್ಣೆಯ ಟೋಪಿ ಹೆಣೆದಿದ್ದಾಳೆ, ಕಿವಿ ಮುಚ್ಚುವಂಥದ್ದು.

ಇನ್ನು ಆ ಕಾರ್ವಿನ್,
ಕಾನ್ಸಾಸ್ ಸಿಟಿಯ ನಾಲ್ಕನೆಯ ಮಹಡಿಯಿಂದ
ಪ್ರತಿ ಭಾನುವಾರ ಸಂಜೆ ಫೋನು ಮಾಡಿ
‘ಇವತ್ತು ಯಾವ ಹಾಡು ಹಾಡಿದರು?’ ಎಂದು ಕೇಳುತ್ತಾನೆ.
‘ನಾನು ಹೋಗಿಲ್ವಲ್ಲೋ’ ಎಂದರೂ
ಪಾತ್ರೆ ತೊಳೆಯುತ್ತ ಕೆಳದನಿಯ ಒಂದು ಸಾಲು ಗುನುಗುತ್ತಾನೆ,
ಉಳಿದ ಮೂರು ದನಿಗಳಿಗೆ ಜಾಗ ಬಿಟ್ಟು.

ಕಾಫಿ ಡಬ್ಬಿಯಲ್ಲಿ ಇಂಥ ನೋಟು ಹತ್ತೊಂಬತ್ತಿದ್ದವು,
ಇವತ್ತಿಗೆ ಇಪ್ಪತ್ತು.
ನಾಲ್ಕು ವರ್ಷದ ಬ್ರಿನ್ಲಿಗೆ ಅಂಗಡಿಯಾಟ.
ತಪ್ಪುತಪ್ಪಾಗಿ ಎಣಿಸಿ, ಎಲ್ಲವನ್ನೂ
ಅಮ್ಮನ ಮಡಿಲಿಗೆ ಸುರಿದು
‘ಮುಂದಿನ ಭಾನುವಾರ ನನಗೆ ಕೊಡು’ ಅನ್ನುತ್ತಾಳೆ.

ಟ್ವೈಲಾ ಒಂದು ನೋಟನ್ನೆತ್ತಿ
ದೀಪಕ್ಕೆ ಹಿಡಿದು ನೋಡುತ್ತಾಳೆ,
ಗಲ್ಲಾದಲ್ಲಿ ನಿಜದ ನೋಟನ್ನು ನೋಡುವ ಹಾಗೆ,
ತುಂಬಾ ಹೊತ್ತು.