ಇರು

ದಿನಕ್ಕೆ ನೂರ ಎಂಬತ್ತು ಮನೆ.
ಗೇಟು ತೆಗಿ, ಬಗ್ಗು, ಮುಚ್ಚಳ ಎತ್ತು,
ಜೇಡರಬಲೆ ಒರೆಸು, ಅಂಕಿ ಬರಕೋ, ನಡಿ.
ನೀರಿನ ಮೀಟರು ಓದುವವಳ ಕಾಲು
ಭಾನುವಾರವೂ ನಿಲ್ಲುವುದಿಲ್ಲ.
ನಿದ್ದೆಯಲ್ಲೂ ಒದೀತೀಯ ಅನ್ನುತ್ತಾನೆ ಗಂಡ.

ಅಂಥವಳಿಗೆ ಫಾದರ್ ಹೇಳಿದರು:
ನಿಮ್ಮ ಕ್ರಾಸಿನ ಇನ್ನಾಸಪ್ಪನನ್ನು
ಪೂಜೆಗೆ ಕರಕೊಂಡು ಬಾ. ಆಟೋ ಹತ್ತಲ್ಲವಂತೆ.
ನಡೆದೇ ಬರಬೇಕಂತೆ.

ಇನ್ನಾಸಪ್ಪ ಬ್ಯಾಂಡಿನವನು, ಕ್ಲಾರಿನೆಟ್ಟು.
ಎನ್.ಆರ್. ಮೊಹಲ್ಲಾದ ಅರ್ಧ ಮದುವೆ, ಮುಕ್ಕಾಲು ಮಣ್ಣು
ಅವನ ಉಸಿರಿನ ಹಿಂದೆ ನಡೆದಿವೆ.
ಹೋದ ವರ್ಷ ಲಕ್ವ ಹೊಡೆದು
ಬಲಗೈ ಬಲಗಾಲು ಕೊರಡು,
ಬಾಯಲ್ಲಿ ಉಳಿದದ್ದು ಒಂದೇ ಮಾತು:
ಇರು.

ಹಸಿವಾದರೂ ಇರು. ನೋವಾದರೂ ಇರು.
ಸೊಸೆ ತಟ್ಟೆ ಇಟ್ಟರೂ, ಎತ್ತಿದರೂ ಇರು.

ನನ್ನ ಕಾಲಿಗೆ ಹನ್ನೆರಡು ನಿಮಿಷದ ದಾರಿ.
ಮೊದಲ ವಾರ ತಿರುವು ತಿರುವಿಗೂ ಮುಂದೆ ಹೋಗಿ
ವಾಚು ನೋಡುತ್ತ ಕಾದೆ.
ಅದು ಕಾಯುವುದಲ್ಲ, ಶಿಕ್ಷೆ ಕೊಡುವುದು
ಅಂತ ಆಮೇಲೆ ತಿಳಿಯಿತು.
ಎರಡನೇ ವಾರ ತೋಳು ಕೊಟ್ಟೆ.
ಕೊಟ್ಟೆ ಅಂದರೆ, ಎಳೆದೆ.

ಮೂರನೇ ವಾರ, ಅಶೋಕ ರಸ್ತೆ ಸಿಗುವ ಮುಂಚೆ
ಟಾಂಗಾ ಕುದುರೆಗೆ ಲಾಳ ಹೊಡೆಯುತ್ತಿದ್ದರು.
ಇರು, ಅಂದ.
ಎರಡನೇ ಗಂಟೆ ಆಗಿಹೋಗಿತ್ತು.
ಮನೆಗಳ ಮೇಲೆ ಚರ್ಚಿನ ಜೋಡಿ ಗೋಪುರ
ಬೆರಳೆತ್ತಿ ಗದರುವ ಟೀಚರಮ್ಮನ ಹಾಗೆ.
ಇರು.
ಕುದುರೆ ಒಂದು ಕಾಲು ಪರರ ಕೈಗೆ ಕೊಟ್ಟು
ಮೂರರ ಮೇಲೆ ತನ್ನ ಪಾಡಿಗೆ ನಿಂತಿತ್ತು.
ನಾವೂ ಹಾಗೇ:
ಒಂದು ಅವನದು, ಎರಡು ನನ್ನವು.

ಮುಂಗೈ ಮೇಲೆ ಏನೋ ಹರಿದಾಡಿತು.
ಇರುವೆ ಅಂದುಕೊಂಡೆ.
ಅಲ್ಲ, ಇನ್ನಾಸಪ್ಪನ ಎಡಗೈ ಬೆರಳು,
ಒತ್ತಿ, ಬಿಟ್ಟು, ಮತ್ತೆ ಒತ್ತಿ,
ಸುತ್ತಿಗೆಯ ತಾಳಕ್ಕೆ ಸರಿಯಾಗಿ
ನನ್ನ ಚರ್ಮದಲ್ಲಿ ತೂತು ಹುಡುಕುತ್ತಿದ್ದವು.
ಯಾವ ಹಾಡೋ, ಮದುವೆಯದೋ ಮಣ್ಣಿನದೋ.
ಮುಗಿಯುವ ತನಕ ಕೈ ಅಲ್ಲಾಡಿಸಲಿಲ್ಲ.

ಮುಟ್ಟುವ ಹೊತ್ತಿಗೆ ಪ್ರಸಂಗ ಮುಗಿದು
ಕಾಣಿಕೆ ತಟ್ಟೆಯೂ ದಾಟಿತ್ತು.
ಹಿಂದಿನ ಬೆಂಚಲ್ಲಿ, ಬೆವರು ಆರುತ್ತ,
ಜೆರಿಕೋ ದಾರಿ ನೆನಪಾಯಿತು.
ಸುಮ್ಮನಿರೋ ಅಂತ ಊರೇ ಗದರಿದ ಕುರುಡ
ಇನ್ನೊಮ್ಮೆ ಕೂಗಿದ.
ಜೆರುಸಲೇಮಿಗೆ, ಅಂದರೆ ಶಿಲುಬೆಗೆ
ಹೊರಟಿದ್ದವನು
ನಿಂತ.
ಲೋಕ ಉಳಿಸುವ ಕೆಲಸ
ಅಷ್ಟು ಹೊತ್ತು ಬೇಲಿ ಪಕ್ಕ ಕಾಯಿತು.

ಉರಿವ ಪೊದೆಯಲ್ಲಿ ಮೋಶೆ ಹೆಸರು ಕೇಳಿದಾಗ
ಇರುವವನು ಅಂತ ಉತ್ತರ ಬಂತು ಎಂದು
ಚಿಕ್ಕಂದಿನಿಂದ ಬಾಯಿಪಾಠ.
ಆ ಹೆಸರಿನ ಬೇರು
ಈ ಮುದುಕನ ಜೊಲ್ಲಿನಲ್ಲಿ ಹಸಿಯಾಗಿದೆ ಅಂತ
ಯಾರೂ ಹೇಳಿರಲಿಲ್ಲ.

ಸೋಮವಾರ, ಮಂಡಿ ಮೊಹಲ್ಲಾ, ನಲವತ್ತೊಂದನೇ ಮನೆ.
ಮುಚ್ಚಳ ಎತ್ತಿದೆ.
ಒಳಗಿಂದ ಹೆಂಗಸಿನ ದನಿ:
"ಇರಮ್ಮಾ, ಕಾಫಿ ಸೋಸ್ತಾ ಇದೀನಿ."
ಪ್ರತಿ ತಿಂಗಳೂ ಕರೆದಿರಬೇಕು.
ನನಗೆ ಕೇಳಿಸಿರಲಿಲ್ಲ.
ಕಲ್ಲು ಮೆಟ್ಟಿಲ ಮೇಲೆ ಕೂತೆ.
ಯಾರೋ ಹಿತ್ತಲಲ್ಲಿ ನಲ್ಲಿ ಬಿಟ್ಟರು;
ಮೀಟರಿನ ಚಕ್ರ ಮೆಲ್ಲಗೆ ಹೊರಳಿ
ಒಂಬತ್ತು ಹೋಗಿ ಸೊನ್ನೆ ಬಂತು.
ಹನ್ನೊಂದು ವರ್ಷದ ಕೆಲಸದಲ್ಲಿ
ಅದು ಹೊರಳುವುದನ್ನು ನೋಡಿದ್ದು ಅವತ್ತೇ.

ಆ ದಿನ ಆದದ್ದು ನೂರ ಐವತ್ತೆರಡು.
ಸೂಪರ್‌ವೈಸರ್ ಬೈದರು, ಬೈಸಿಕೊಂಡೆ.
ರಾತ್ರಿ ಒದೆಯಲಿಲ್ಲವಂತೆ.