ಕೆಂಪು ಮುಗಿದ ಜಾಗ

ಶುಕ್ರವಾರ. ನಮಾಜು ಮುಗಿಸಿ ಬಂದ ಚಪ್ಪಲಿಗಳ ಧೂಳು
ಇನ್ನೂ ಕೂತಿಲ್ಲ ತಝೆನಾಖ್ತಿನ ಸಂತೆಯಲ್ಲಿ.
ನನ್ನ ಹೆಗಲ ಮೇಲೆ ಆರು ಮೊಳದ ರತ್ನಗಂಬಳಿ,
ಬಾಯಲ್ಲಿ ಬೆಲೆ:
ಹದಿನೇಳು ನೂರು! ಹದಿನೇಳು ನೂರು ದಿರ್ಹಮ್!
ಯಾರಾದರೂ ಹದಿನೆಂಟು ಅನ್ನಿ,
ಈ ಮುದುಕನ ಬೆನ್ನು ಹಗುರ ಮಾಡಿ.

ನಾನು ಬೀಹಿ. ದಲ್ಲಾಳಿ.
ನಮ್ಮ ಹೆಂಗಸರ ಮಗ್ಗಕ್ಕೆ ಲಾಳಿಯಿಲ್ಲ, ಎಲ್ಲ ಬೆರಳೇ.
ಲಾಳಿ ಇರುವುದು ಸಂತೆಯಲ್ಲಿ:
ನೇಯ್ದವಳಿಂದ ಕೊಳ್ಳುವವನಿಗೆ, ಅಲ್ಲಿಂದ ಇಲ್ಲಿಗೆ,
ಮೂವತ್ತು ವರ್ಷ, ನಾನೇ.

ಇಜ್ಜಾ ಗೋಡೆಗೊರಗಿ ಕೂತಿದ್ದಳು.
ಸಿರ್ವಾ ಬೆಟ್ಟದ ಆಚೆಯಿಂದ ನಸುಕಿನ ನಾಲ್ಕಕ್ಕೆ
ಟೆಂಪೊದಲ್ಲಿ, ಕುರಿಗಳ ನಡುವೆ ನಿಂತೇ ಬಂದವಳು.
ಅವಳ ಕಂಬಳಿಯಲ್ಲೊಂದು ಎಡವಟ್ಟು:
ಮುಕ್ಕಾಲು ಪಾಲು ಮಂಜಿಷ್ಠ ಬೇರಿನ ಕೆಂಪು,
ಆಮೇಲೆ ಹೇಳದೆ ಕೇಳದೆ
ಮೂರು ಗೇಣು ಹಳದಿ.

ಫ್ರಾನ್ಸಿನ ಗಂಡಹೆಂಡಿರು ನಿಂತರು.
ಆಕೆ ಮೊಣಕಾಲೂರಿ, ಹಿಂಬದಿ ತಿರುವಿ
ಉಗುರಿನಿಂದ ಗಂಟು ಎಣಿಸಿದಳು. ಬಲ್ಲವಳು.
ಆತ ಹಳದಿಯ ಮೇಲೆ ಬೆರಳಿಟ್ಟ:
ಇದೇನು? ಇದರ ಅರ್ಥ?

ಅರ್ಥ ಕೇಳಿದರೆ ನನಗೆ ಹಬ್ಬ.
ಉಣ್ಣೆಗೆ ಹುಟ್ಟದ ದುಡ್ಡು ಅರ್ಥಕ್ಕೆ ಹುಟ್ಟುತ್ತದೆ.
ಮುಸ್ಯೂ, ಅಂದೆ, ಇದು ಕಾದವಳ ಕಂಬಳಿ.
ಗಂಡ ಒಂಟೆಗಳ ಹಿಂದೆ ಮರಳುಗಾಡಿಗೆ ಹೋದ.
ಅವನು ಬಾರದಷ್ಟು ದಿನವೂ ಕೆಂಪು.
ಒಂದು ಸಂಜೆ ಬೆಟ್ಟದ ನೆತ್ತಿಯಲ್ಲಿ
ಅವನ ಲಾಂದ್ರ ಕಂಡಿತು.
ಅಲ್ಲಿಂದಾಚೆ ಹಳದಿ.

ಆಕೆ ಕಣ್ಣೊರೆಸಿಕೊಂಡಳು. ಆತ ಪರ್ಸು ತೆಗೆದ.
ಎರಡು ಸಾವಿರದ ನೂರು.

ನನ್ನ ಪಾಲು ಮುರಿದು ಉಳಿದದ್ದು ಇಜ್ಜಾಳ ಕೈಗಿಟ್ಟೆ.
ಒಂದೊಂದೇ ನೋಟು ಬಿಸಿಲಿಗೆ ಹಿಡಿದು ನೋಡಿ,
ಮಡಿಚಿ, ಎಲ್ಲೋ ಒಳಗೆ ಸೇರಿಸಿ ಕೇಳಿದಳು:
ಏನು ಹೇಳಿದೆ ಅವರಿಗೆ?
ಹೇಳಿದೆ.
ಉದುರಿದ ಹಲ್ಲಿನ ಸಂದಿ ಕಾಣುವ ಹಾಗೆ ನಕ್ಕಳು.
ಒಂಟೆಯಂತೆ! ಅವನು ಸೈಕಲ್ಲಿಗೆ ಪಂಕ್ಚರ್ ಹಾಕುವವನು.
ಐದಕ್ಕೆಲ್ಲ ಮನೆಗೆ ಬರುತ್ತಾನೆ, ಬೇಡವೆಂದರೂ.
ಕೆಂಪು ಮುಗಿಯಿತು, ಬೀಹಿ, ಅಷ್ಟೆ.
ಬೇರು ಮಾರುವವನು ಸಾಲ ಕೊಡಲಿಲ್ಲ.
ದಾಳಿಂಬೆ ಸಿಪ್ಪೆ ಪುಕ್ಕಟೆ ಸಿಕ್ಕಿತು.

ಎದ್ದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.
ಆ ಲಾಂದ್ರ ಚೆನ್ನಾಗಿದೆ, ಅಂದಳು.

ಬಾದಾಮಿ ಹೂ ಉದುರುವ ಹೊತ್ತಿಗೆ ಮತ್ತೆ ಬಂದಳು.
ಬಿಚ್ಚಿದೆ. ಈ ಸಲ ಕೆಂಪಿಗೆ ಬರವಿಲ್ಲ,
ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು.
ಮೇಲೆ, ಬಲ ಮೂಲೆಯಲ್ಲಿ ಮಾತ್ರ
ನೀಲಿಯ ಒಂದು ಏರು, ಅದರ ನೆತ್ತಿಗೆ
ಹೆಬ್ಬೆರಳಷ್ಟು ಹಳದಿ.

ಯಜಮಾನ ಹೇಗಿದ್ದಾನೆ, ಕೇಳಿದೆ.
ಕಂಬಳಿಯ ಕುಚ್ಚು ನೇವರಿಸುತ್ತಾ ಕೂತಳು.
ಸೈಕಲ್ ಅಂಗಡಿ ಮುಚ್ಚಿದೆ.
ಅಗಾದೀರ್ ಕಡೆ ಟೊಮೇಟೊ ತೋಟಕ್ಕೆ ಆಳು ಬೇಕೆಂದು ಲಾರಿ ಬಂದಿತ್ತು.
ಬಕ್ರೀದಿಗೆ ಬರುತ್ತೇನೆ ಅಂದಿದ್ದ.
ಬಕ್ರೀದು ಆಯಿತು.

ಹೆಗಲಿಗೆ ಹಾಕಿಕೊಂಡೆ. ಉಣ್ಣೆ ಅದೇ, ಅಳತೆ ಅದೇ.
ಕೂಗಲು ಬಾಯಿ ತೆರೆದರೆ
ಬೆಲೆ ಮರೆತುಹೋಗಿತ್ತು.

ಕಾಸಾಬ್ಲಾಂಕಾದ ಹೆಂಗಸೊಬ್ಬಳು,
ಹೊಸ ಫ್ಲ್ಯಾಟಿನ ಅಳತೆಯನ್ನು ಫೋನಿನಲ್ಲಿ ಬರೆದುಕೊಂಡು ಬಂದವಳು,
ಕೆಂಪು ಮೆಚ್ಚಿದಳು. ಆಮೇಲೆ ಬಗ್ಗಿ:
ಈ ಮೂಲೆಯಲ್ಲೇನು ಹಳದಿ? ಕಲೆಯೇ?

ಒಂಟೆ, ಮರಳು, ಸಂಜೆ ಎಲ್ಲ ನಾಲಿಗೆ ತುದಿಯಲ್ಲೇ ಇತ್ತು.
ಇಜ್ಜಾ ಗೋಡೆಯ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು.

ಏನಿಲ್ಲ ಲಲ್ಲಾ, ಅಂದೆ.
ಕೆಂಪು ನೂಲು ಮುಗಿದಿರಬೇಕು.

ಮುನ್ನೂರು ಕಮ್ಮಿಗೆ ಹೋಯಿತು.
ಆ ಮುನ್ನೂರು ನನ್ನ ಜೇಬಿನಿಂದ ಸೇರಿಸಿ ಕೊಟ್ಟೆ.
ಈ ಸಲ ನೋಟುಗಳನ್ನು ಬಿಸಿಲಿಗೆ ಹಿಡಿಯಲಿಲ್ಲ ಅವಳು.
ಏನು ಹೇಳಿದೆ ಎಂದೂ ಕೇಳಲಿಲ್ಲ.